ನಾಯಿ ಬೊಗಳಿತು, ಆಮೇಲೆ ಭೂಮಿ ನಡುಗಿತು: ಪ್ರಾಣಿಗಳಿಗೆ ನಿಜವಾಗಿ ಏನು ಗೊತ್ತಾಗುತ್ತದೆ?

ಎಲ್ಲಾದರೂ ದೊಡ್ಡ ಭೂಕಂಪ ಆದ ಮರುದಿನ ಒಂದು ವಿಡಿಯೊ ಬಂದೇ ಬರುತ್ತದೆ. ಸಿಸಿಟಿವಿ ದೃಶ್ಯ. ಮೂಲೆಯಲ್ಲಿ ಮಲಗಿದ್ದ ನಾಯಿ ತಟ್ಟನೆ ಎದ್ದು ಕಿವಿ ನಿಮಿರಿಸುತ್ತದೆ, ಬಾಗಿಲ ಕಡೆ ಓಡುತ್ತದೆ, ಹತ್ತು ಸೆಕೆಂಡಿನ ಮೇಲೆ ಕಪಾಟು, ಫ್ಯಾನು ಎಲ್ಲ ಅಲ್ಲಾಡಲು ಶುರು. ಜೊತೆಗೊಂದು ಸಾಲು: ‘ಮನುಷ್ಯನಿಗೆ ತಿಳಿಯದ್ದು ಮೂಕಪ್ರಾಣಿಗೆ ತಿಳಿಯಿತು.’ ಈ ಮಾತು ಅರ್ಧ ನಿಜ. ಉಳಿದರ್ಧ ಎಲ್ಲಿ ಎಡವುತ್ತದೆ ಅಂತ ನೋಡೋಣ.

ಮೊದಲು ಆ ನಾಯಿಯ ಕಥೆ ಮುಗಿಸಿಬಿಡೋಣ, ಅದು ಸುಲಭ. ನೆಲದೊಳಗೆ ಬಂಡೆ ಮುರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಪಿ ಅಲೆ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಓಡುತ್ತದೆ, ಆದರೆ ಮೆತ್ತಗೆ. ಎಸ್ ಅಲೆ ಸುಮಾರು 3.5 ಕಿ.ಮೀ. ವೇಗದಲ್ಲಿ ಹಿಂದೆ ಬರುತ್ತದೆ, ಗೋಡೆ ಬೀಳಿಸುವುದು ಅದೇ. ಮೂಲದಿಂದ 100 ಕಿ.ಮೀ. ದೂರದಲ್ಲಿದ್ದವರಿಗೆ ಪಿ ಅಲೆ 17 ಸೆಕೆಂಡಿಗೆ ತಲುಪಿದರೆ ಎಸ್ ಅಲೆ 29 ಸೆಕೆಂಡಿಗೆ. ನಡುವೆ ಹತ್ತು–ಹನ್ನೆರಡು ಸೆಕೆಂಡು ಸಿಕ್ಕಿತು. ಮಾತಾಡುತ್ತಾ ಓಡಾಡುತ್ತಾ ಇರುವ ಮನುಷ್ಯರಿಗೆ ಪಿ ಅಲೆ ಗೊತ್ತೇ ಆಗುವುದಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿದ ನಾಯಿಗೆ ಗೊತ್ತಾಗುತ್ತದೆ. ಅಂದರೆ ನಾಯಿ ಭವಿಷ್ಯ ಕಾಣಲಿಲ್ಲ, ಆಗಲೇ ಶುರುವಾಗಿದ್ದ ಭೂಕಂಪವನ್ನು ನಮಗಿಂತ ಮೊದಲು ಗಮನಿಸಿತು ಅಷ್ಟೆ. ಜಪಾನಿನಲ್ಲಿ 2007ರಿಂದ ಜನರ ಕೈಗೆ ಬಂದಿರುವ ಮುನ್ನೆಚ್ಚರಿಕೆ ವ್ಯವಸ್ಥೆಯೂ ಇದೇ ಕೆಲಸ ಮಾಡುತ್ತದೆ: ಪಿ ಅಲೆ ಹಿಡಿ, ಎಸ್ ಅಲೆ ಬರುವ ಮೊದಲು ಕೂಗು.

ಜಗಳ ಇರುವುದು ಇದರ ಬಗ್ಗೆ ಅಲ್ಲ. ಗಂಟೆಗಳ ಮೊದಲು, ದಿನಗಳ ಮೊದಲು ಪ್ರಾಣಿಗಳಿಗೆ ಗೊತ್ತಾಗುತ್ತದೆ ಅನ್ನುವ ಮಾತಿದೆಯಲ್ಲ, ಅದರ ಬಗ್ಗೆ.

ಇದು ಹಳೇ ಮಾತು. ಕ್ರಿ.ಪೂ. 373ರಲ್ಲಿ ಗ್ರೀಸಿನ ಹೆಲಿಕೆ ಎಂಬ ಊರು ಭೂಕಂಪಕ್ಕೆ ಸಿಕ್ಕಿ ಸಮುದ್ರದ ಪಾಲಾಯಿತು. ಐದು ದಿನ ಮೊದಲೇ ಇಲಿ, ಹಾವುಗಳೆಲ್ಲ ಊರು ಬಿಟ್ಟಿದ್ದವಂತೆ. ಇದನ್ನು ಬರೆದಿಟ್ಟ ರೋಮನ್ ಲೇಖಕ ಈಲಿಯನ್ ಬದುಕಿದ್ದದ್ದು ಆ ಘಟನೆಯ ಐನೂರಕ್ಕೂ ಹೆಚ್ಚು ವರ್ಷಗಳ ನಂತರ, ಅಲ್ಲಿಗೆ ಸಾಕ್ಷಿಯ ತೂಕ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಇತ್ತೀಚಿನ ಉದಾಹರಣೆ ಅಂದರೆ ಚೀನಾದ ಹೈಚೆಂಗ್. 1975ರ ಫೆಬ್ರವರಿ 4ರಂದು ಅಲ್ಲಿ 7.3 ತೀವ್ರತೆಯ ಭೂಕಂಪ ಆಯಿತು. ಅದಕ್ಕೂ ಮೊದಲು, ನಡುಚಳಿಗಾಲದಲ್ಲಿ ಬಿಲದೊಳಗೆ ನಿದ್ದೆ ಮಾಡಬೇಕಾದ ಹಾವುಗಳು ಹೊರಗೆ ಬಂದು ಹಿಮದಲ್ಲಿ ಸೆಟೆದು ಸತ್ತಿದ್ದವು ಎಂಬ ವರದಿಗಳಿದ್ದವು. ಜನರನ್ನು ಮನೆಯಿಂದ ಹೊರಗೆ ಕಳಿಸಲಾಯಿತು, ಸಾವಿರಾರು ಜೀವ ಉಳಿಯಿತು. ಕೇಳಲು ಚೆನ್ನಾಗಿದೆ. ಆದರೆ ಈ ಕಥೆ ಹೇಳುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ದೊಡ್ಡ ಕಂಪನಕ್ಕೆ ಮುಂಚೆ ಅಲ್ಲಿ ನೂರಾರು ಸಣ್ಣ ಕಂಪನಗಳಾಗಿದ್ದವು. ಜನರನ್ನು ಹೊರಗೆ ಕಳಿಸಲು ದೊಡ್ಡ ಕಾರಣ ಅವೇ. ಮರುವರ್ಷ, 1976ರ ಜುಲೈ 28ರಂದು, ಅದೇ ದೇಶದ ತಂಗ್‌ಶಾನ್‌ನಲ್ಲಿ ಅಂಥ ಪೂರ್ವಕಂಪನಗಳು ಕಾಣಲಿಲ್ಲ, ಯಾರೂ ಎಚ್ಚರಿಸಲಿಲ್ಲ. ಸರ್ಕಾರಿ ಲೆಕ್ಕದಲ್ಲೇ 2 ಲಕ್ಷ 40 ಸಾವಿರಕ್ಕಿಂತ ಜಾಸ್ತಿ ಜನ ಸತ್ತರು.

ಇಲ್ಲಿ ಒಂದು ಚಿಕ್ಕ ಲೆಕ್ಕ ಅರ್ಥ ಮಾಡಿಕೊಂಡರೆ ಮುಂದಿನದ್ದೆಲ್ಲ ಸಲೀಸು. ಒಂದು ಹಾಳೆಯಲ್ಲಿ ನಾಲ್ಕು ಚೌಕ ಬರೆಯಿರಿ. ನಾಯಿ ವಿಚಿತ್ರವಾಗಿ ಆಡಿತು, ಭೂಕಂಪ ಆಯಿತು: ಇದು ಒಂದನೇ ಚೌಕ. ನಾಯಿ ವಿಚಿತ್ರವಾಗಿ ಆಡಿತು, ಏನೂ ಆಗಲಿಲ್ಲ: ಎರಡನೇದು. ನಾಯಿ ಸುಮ್ನೆ ಮಲಗಿತ್ತು, ಭೂಕಂಪ ಆಯಿತು: ಮೂರನೇದು. ನಾಯಿ ಸುಮ್ನೆ ಮಲಗಿತ್ತು, ಏನೂ ಆಗಲಿಲ್ಲ: ನಾಲ್ಕನೇದು. ನಮ್ಮ ನೆನಪಿನಲ್ಲಿ ಉಳಿಯುವುದು, ವಿಡಿಯೊ ಆಗುವುದು ಒಂದನೇ ಚೌಕ ಮಾತ್ರ. ಹೋದ ತಿಂಗಳು ನಾಯಿ ರಾತ್ರಿಯಿಡೀ ಊಳಿಟ್ಟು ಬೆಳಿಗ್ಗೆ ಏನೂ ಆಗದಿದ್ದರೆ ಅದನ್ನು ಯಾರು ಬರೆದಿಡುತ್ತಾರೆ? ಆದರೆ ನಾಲ್ಕೂ ಚೌಕ ತುಂಬದೆ ನಾಯಿಗೆ ಗೊತ್ತಿತ್ತೋ ಇಲ್ಲವೋ ಹೇಳಲು ಆಗುವುದೇ ಇಲ್ಲ.

ಜಪಾನಿನಲ್ಲಿ ಈ ಚೌಕಗಳನ್ನು ತುಂಬಿ ನೋಡಿದ ಒಂದು ಉದಾಹರಣೆ ನನಗೆ ತುಂಬ ಇಷ್ಟ. ಓರ್‌ಫಿಶ್‌ನಂಥ ಆಳಸಮುದ್ರದ ಮೀನುಗಳು ದಡಕ್ಕೆ ಬಂದರೆ ಭೂಕಂಪ ಗ್ಯಾರಂಟಿ ಎಂಬ ನಂಬಿಕೆ ಅಲ್ಲಿದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೇ ಪತ್ರಿಕೆ, ದಾಖಲೆಗಳನ್ನೆಲ್ಲ ಜಾಲಾಡಿ ಇಂಥ ಮೀನು ಕಂಡ 336 ಸಂದರ್ಭಗಳನ್ನು ಪಟ್ಟಿ ಮಾಡಿತು, ಪಕ್ಕದಲ್ಲಿ 221 ಭೂಕಂಪಗಳನ್ನು ಇಟ್ಟಿತು. ಹೊಂದಿಕೆಯಾದದ್ದು ಎಷ್ಟು ಗೊತ್ತಾ? ಒಂದೇ ಒಂದು.

ಹಾಗಂತ ಈ ವಿಷಯವನ್ನು ಕೈಬಿಡುವ ಹಾಗೂ ಇಲ್ಲ, ಯಾಕೆಂದರೆ ಭೂಕಂಪ ಆಗುವ ಮೊದಲೇ ಅಳತೆ ಶುರುವಾಗಿದ್ದ ಕೆಲವು ಪ್ರಸಂಗಗಳಿವೆ. 2009ರಲ್ಲಿ ರೇಚಲ್ ಗ್ರಾಂಟ್ ಎಂಬ ಜೀವವಿಜ್ಞಾನಿ ಇಟಲಿಯ ಒಂದು ಕೆರೆಯಲ್ಲಿ ನೆಲಗಪ್ಪೆಗಳ ಮಿಲನದ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಭೂಕಂಪಕ್ಕೂ ಅವರ ಕೆಲಸಕ್ಕೂ ಸಂಬಂಧವೇ ಇರಲಿಲ್ಲ, ದಿನಾ ಹೋಗಿ ಕಪ್ಪೆ ಎಣಿಸುವುದಷ್ಟೆ. ಒಂದು ದಿನ ನೋಡಿದರೆ ಗಂಡು ಕಪ್ಪೆಗಳ ಸಂಖ್ಯೆ ಶೇ 96ರಷ್ಟು ಇಳಿದಿದೆ. ಮಿಲನದ ಕಾಲದಲ್ಲಿ ಗಂಡು ಕಪ್ಪೆ ಜಾಗ ಬಿಟ್ಟು ಹೋಗುವುದು ಅಂದರೆ ಸಣ್ಣ ವಿಷಯ ಅಲ್ಲ. ಐದು ದಿನದ ನಂತರ, ಏಪ್ರಿಲ್ 6ರಂದು, ಅಲ್ಲಿಂದ 74 ಕಿ.ಮೀ. ದೂರದ ಲಾಕ್ವಿಲಾದಲ್ಲಿ ಭೂಕಂಪ ಆಯಿತು. ಕುತೂಹಲ ಹುಟ್ಟಿಸುವ ಸಂಗತಿಯೇ. ಆದರೆ ಒಂದು ಕೆರೆ, ಒಂದು ಭೂಕಂಪ. ಬೇರೆ ವರ್ಷಗಳಲ್ಲಿ ಭೂಕಂಪ ಇಲ್ಲದೆಯೂ ಕಪ್ಪೆಗಳು ಹೀಗೆ ಮಾಯವಾಗುತ್ತವಾ ಎಂಬ ಎರಡನೇ ಚೌಕ ಖಾಲಿ.

ಇದಕ್ಕಿಂತ ಗಟ್ಟಿ ಪ್ರಯತ್ನ ಮಾಡಿದವರು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಟಿನ್ ವಿಕೆಲ್ಸ್ಕಿ. 2016ರಲ್ಲಿ ಮಧ್ಯ ಇಟಲಿ ಸರಣಿ ಭೂಕಂಪಗಳಿಗೆ ಸಿಕ್ಕಿ ನಲುಗುತ್ತಿದ್ದಾಗ ಅವರ ತಂಡ ಅಲ್ಲಿನ ಒಂದು ಕೊಟ್ಟಿಗೆಗೆ ಹೋಗಿ ಆರು ಹಸು, ಐದು ಕುರಿ, ಎರಡು ನಾಯಿಗಳಿಗೆ ಚಲನೆ ಅಳೆಯುವ ಪುಟ್ಟ ಸಾಧನ ಕಟ್ಟಿತು. ತಿಂಗಳುಗಟ್ಟಲೆ, ಹಗಲು ರಾತ್ರಿ. 2020ರಲ್ಲಿ ಫಲಿತಾಂಶ ಬಂತು. ಪ್ರಾಣಿಗಳು ಕೊಟ್ಟಿಗೆಯಲ್ಲಿದ್ದಾಗ, ಭೂಕಂಪಕ್ಕೆ 1ರಿಂದ 20 ಗಂಟೆ ಮೊದಲು ಅವುಗಳ ಚಡಪಡಿಕೆ ಹೆಚ್ಚುತ್ತಿತ್ತು, ಮೂಲ ಹತ್ತಿರ ಇದ್ದಷ್ಟೂ ಬೇಗ ಶುರುವಾಗುತ್ತಿತ್ತು ಅಂತ. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಶ. ಒಂದು ಪ್ರಾಣಿಯ ಚಡಪಡಿಕೆಗೆ ಬೆಲೆ ಇಲ್ಲ, ಅದಕ್ಕೆ ಹೊಟ್ಟೆನೋವೂ ಇರಬಹುದು. ಹಸು, ಕುರಿ, ನಾಯಿ ಒಂದನ್ನೊಂದು ನೋಡಿ ಒಟ್ಟಾಗಿ ಬೆದರಿದಾಗ ಮಾತ್ರ ಸಂಕೇತ ಸಿಗುತ್ತಿತ್ತು. ಮೇಯಲು ಹೊರಗೆ ಬಿಟ್ಟಾಗ ಆ ಸಂಕೇತವೂ ಕಾಣಲಿಲ್ಲ. ಇದೂ ಒಂದೇ ಕೊಟ್ಟಿಗೆಯ ಕಥೆ. ಅಷ್ಟೊಂದು ಕಂಪನಗಳು ಆಗುತ್ತಲೇ ಇರುವ ಜಾಗದಲ್ಲಿ ಯಾವ ಚಡಪಡಿಕೆಯನ್ನಾದರೂ ಮುಂದಿನ ಯಾವುದೋ ಒಂದು ಕಂಪನಕ್ಕೆ ಜೋಡಿಸುವುದು ಕಷ್ಟವಲ್ಲ ಅನ್ನುವುದು ಭೂಕಂಪ ತಜ್ಞರ ತಕರಾರು. ಆ ತಕರಾರಿನಲ್ಲಿ ಹುರುಳಿದೆ.

2018ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ತಂಡವೊಂದು 180 ಪ್ರಕಟಣೆಗಳನ್ನು ಕೂತು ಓದಿತು. 160 ಭೂಕಂಪ, 130ಕ್ಕೂ ಹೆಚ್ಚು ಜಾತಿಯ ಪ್ರಾಣಿ, 729 ವರದಿ. ಬಹುಪಾಲು ಯಾರೋ ಒಬ್ಬರು ಒಮ್ಮೆ ಕಂಡದ್ದು, ಆಮೇಲೆ ನೆನಪಿಸಿಕೊಂಡು ಹೇಳಿದ್ದು. ಬಿಡದೆ ಸತತವಾಗಿ ಅಳತೆ ಮಾಡಿದ ದಾಖಲೆಗಳು ಬರೀ 14. ಇನ್ನೊಂದು ವಿಷಯವೂ ಹೊರಬಂತು: ಈ ವರದಿಗಳು ಎಷ್ಟು ದೂರದಿಂದ, ಎಷ್ಟು ದಿನ ಮೊದಲು ಬಂದವು ಅಂತ ನಕ್ಷೆ ಮಾಡಿದರೆ ಅದು ಪೂರ್ವಕಂಪನಗಳ ನಕ್ಷೆಯನ್ನೇ ಹೋಲುತ್ತದೆ. ಅಂದರೆ ಕೆಲವು ಪ್ರಾಣಿಗಳು ನಮಗೆ ತಿಳಿಯದ ಸಣ್ಣ ನಡುಕಕ್ಕೇ ಬೆದರಿರಬಹುದು. ನೆಲದಿಂದ ಹೊರಬರುವ ಅನಿಲ, ಅಂತರ್ಜಲದ ರಾಸಾಯನಿಕ ಬದಲಾವಣೆ, ಒತ್ತಡಕ್ಕೆ ಸಿಕ್ಕ ಬಂಡೆಯಿಂದ ಹೊಮ್ಮುವ ವಿದ್ಯುತ್ ಕಣ ಅಂತೆಲ್ಲ ಬೇರೆ ಊಹೆಗಳೂ ಇವೆ. ಯಾವುದೂ ಇನ್ನೂ ಗಟ್ಟಿಯಾಗಿ ನಿಂತಿಲ್ಲ.

ಭೂಕಂಪದ ವಿಷಯದಲ್ಲಿ ಹೀಗೆ ತಡವರಿಸುವ ವಿಜ್ಞಾನ, ಬಿರುಗಾಳಿಯ ವಿಷಯಕ್ಕೆ ಬಂದರೆ ಧೈರ್ಯವಾಗಿ ಮಾತಾಡುತ್ತದೆ. ಕಾರಣ ಸರಳ. ಬಿರುಗಾಳಿ ತನ್ನ ಮುಂದೆ ಸುದ್ದಿ ಕಳಿಸುತ್ತದೆ. ಗಾಳಿಯ ಒತ್ತಡ ಇಳಿಯುತ್ತದೆ, ಅಲೆಗಳ ಲಯ ಬದಲಾಗುತ್ತದೆ, ನಮ್ಮ ಕಿವಿಗೆ ಬೀಳದ ತಗ್ಗುಧ್ವನಿ ನೂರಾರು ಕಿ.ಮೀ. ಹರಡುತ್ತದೆ. ನಮ್ಮ ಕಿವಿ ಸುಮಾರು 20 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 20 ಕಂಪನಕ್ಕಿಂತ) ಕೆಳಗಿನದ್ದನ್ನು ಕೇಳುವುದಿಲ್ಲ. ಆನೆಗಳು ಅದಕ್ಕಿಂತ ಕೆಳಗಿನ ಧ್ವನಿಯಲ್ಲೂ ಮಾತಾಡಿಕೊಳ್ಳುತ್ತವೆ. ಪಾರಿವಾಳಗಳು ಪ್ರಯೋಗಾಲಯದಲ್ಲಿ 0.05 ಹರ್ಟ್ಸ್‌ವರೆಗೂ ಗುರುತಿಸಿವೆ.

ಅಮೆರಿಕದ ಟೆನೆಸ್ಸಿಯ ಬೆಟ್ಟಗಳಲ್ಲಿ 2014ರ ಏಪ್ರಿಲ್‌ನಲ್ಲಿ ಆದದ್ದನ್ನು ಕೇಳಿ. ಗೋಲ್ಡನ್-ವಿಂಗ್ಡ್ ವಾರ್ಬ್ಲರ್ ಅಂತ ಒಂದು ಹಕ್ಕಿ, ತೂಕ ಒಂಬತ್ತು ಗ್ರಾಂ, ಎರಡು ಹಾಳೆ ಕಾಗದದಷ್ಟು. ಇಷ್ಟು ಚಿಕ್ಕ ಹಕ್ಕಿ ಜಾಗ ದಾಖಲಿಸುವ ಸಾಧನ ಹೊರಬಲ್ಲದಾ ಅಂತ ನೋಡಲು ವಿಜ್ಞಾನಿಗಳು ಅರ್ಧ ಗ್ರಾಂನ ಯಂತ್ರ ಕಟ್ಟಿದ್ದರು. ಅವು ಆಗಷ್ಟೇ ದಕ್ಷಿಣ ಅಮೆರಿಕದ ಕಡೆಯಿಂದ ದೂರದ ವಲಸೆ ಮುಗಿಸಿ ಬಂದು ಕೂತಿದ್ದವು. ಇದ್ದಕ್ಕಿದ್ದಂತೆ ಮತ್ತೆ ಎದ್ದು ದಕ್ಷಿಣಕ್ಕೆ ಹಾರಿಹೋದವು, ಐದು ದಿನದಲ್ಲಿ ಒಟ್ಟು 1,500 ಕಿ.ಮೀ. ಸುತ್ತಿ ವಾಪಸು ಬಂದವು. ಅವು ಇಲ್ಲದ ಆ ಅವಧಿಯಲ್ಲಿ 84 ಸುಂಟರಗಾಳಿಗಳ ಒಂದು ಸರಣಿಯೇ ಎದ್ದು 35 ಜನರನ್ನು ಕೊಂದಿತ್ತು. ಹಕ್ಕಿಗಳು ಹೊರಟಾಗ ಬಿರುಗಾಳಿ ಇನ್ನೂ 400ರಿಂದ 900 ಕಿ.ಮೀ. ದೂರದಲ್ಲಿತ್ತು. ಅವು ಕೂತ ಜಾಗದಲ್ಲಿ ಒತ್ತಡವಾಗಲಿ ಗಾಳಿಯಾಗಲಿ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಹಾಗಾಗಿ ತಗ್ಗುಧ್ವನಿಯೇ ಕಾರಣ ಇರಬೇಕು ಅನ್ನುವುದು ಸಂಶೋಧಕರ ಊಹೆ. ಮಾಹಿತಿ ಸಿಕ್ಕಿದ್ದು ಐದೇ ಹಕ್ಕಿಗಳಿಂದ ಅನ್ನುವುದನ್ನೂ ಮರೆಯಬಾರದು.

ಶಾರ್ಕ್‌ಗಳದ್ದು ಇನ್ನೂ ನೇರ. 2001ರಲ್ಲಿ ಗೇಬ್ರಿಯೆಲ್ ಬಿರುಗಾಳಿ ಫ್ಲೋರಿಡಾ ದಡಕ್ಕೆ ಬರುವ ಮೊದಲು, ಒಂದು ಕೊಲ್ಲಿಯಲ್ಲಿದ್ದ ಬ್ಲ್ಯಾಕ್‌ಟಿಪ್ ಶಾರ್ಕ್ ಮರಿಗಳು ಒತ್ತಡ ಇಳಿಯುತ್ತಿದ್ದಂತೆ ಆಳದ ನೀರಿಗೆ ಹೋದವು, ಗಾಳಿ ಇಳಿದ ಮೇಲೆ ಮರಳಿದವು. ಎಲ್ಲವೂ ಓಡಿಹೋಗುತ್ತವೆ ಅಂದುಕೊಳ್ಳಬೇಡಿ. ಜಪಾನಿನ ಸ್ಟ್ರೀಕ್ಡ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ನೆಲಕ್ಕೂ ಚಂಡಮಾರುತಕ್ಕೂ ನಡುವೆ ಸಿಕ್ಕಿಕೊಂಡಾಗ ಚಂಡಮಾರುತದ ಕಣ್ಣಿನ ಕಡೆಗೇ ಹಾರುತ್ತವೆ, 30 ಕಿ.ಮೀ. ಹತ್ತಿರದವರೆಗೂ. ಹುಚ್ಚಾಟದಂತೆ ಕಂಡರೂ ಹುಚ್ಚಾಟ ಅಲ್ಲ. ದಡದ ಬಂಡೆಗೆ ಬಡಿಸಿಕೊಂಡು ಸಾಯುವುದಕ್ಕಿಂತ ಗಾಳಿಯ ನಡುವೆ ಇರುವುದು ಅವಕ್ಕೆ ವಾಸಿ.

ಸುನಾಮಿ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವು ಕೇಳಿಯೇ ಕೇಳುತ್ತೀರಿ. 2004ರ ಡಿಸೆಂಬರ್ 26ರಂದು ಆನೆಗಳು ಮೊದಲೇ ಗುಡ್ಡ ಹತ್ತಿದವು ಎಂಬ ಕಥೆ ಜಗತ್ತೆಲ್ಲ ಸುತ್ತಿದೆ. ಶ್ರೀಲಂಕಾದ ಯಾಲ ರಾಷ್ಟ್ರೀಯ ಉದ್ಯಾನದ ಕಡೆ ಆ ಹೊತ್ತಿಗೆ ಸ್ಯಾಟಲೈಟ್ ಕಾಲರ್ ಹಾಕಿದ್ದ ಎರಡು ಆನೆಗಳಿದ್ದವು. ಆ ದಿನದ ಅವುಗಳ ಓಡಾಟ ತೆಗೆದು ನೋಡಿದರೆ ಹೆದರಿ ಒಳನಾಡಿಗೆ ಓಡಿದ ಗುರುತೇ ಇಲ್ಲ, ಎಂದಿನ ಹಾಗೆ ತಿರುಗಾಡಿಕೊಂಡಿದ್ದವು. ಎರಡು ಆನೆಯಿಂದ ಎಲ್ಲ ಆನೆಗಳ ಬಗ್ಗೆ ತೀರ್ಪು ಕೊಡಲಾಗದು, ಸರಿ. ಆದರೆ ಅಳತೆ ಇದ್ದ ಕಡೆ ಕಥೆ ಕರಗಿತು ಅನ್ನುವುದನ್ನು ಗಮನಿಸಿ.

ಕಾಡ್ಗಿಚ್ಚಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಆಫ್ರಿಕಾದ ಒಂದು ಬಗೆಯ ಹುಲ್ಲುಗಪ್ಪೆ ಬೇಸಿಗೆಯ ನಿದ್ದೆಯಲ್ಲಿದ್ದರೂ ಬೆಂಕಿ ಚಟಚಟ ಅನ್ನುವ ಸದ್ದನ್ನು ಧ್ವನಿಮುದ್ರಣದಿಂದ ಕೇಳಿಸಿದರೆ ಸಾಕು, ಎದ್ದು ಹಸಿರಿನ ಕಡೆ ಓಡುತ್ತದೆ. ಕೆಲವು ಬಾವಲಿಗಳು ಮರಗಟ್ಟಿದ ನಿದ್ದೆಯಲ್ಲೂ ಹೊಗೆಯ ವಾಸನೆಗೆ ಎಚ್ಚರಗೊಳ್ಳುತ್ತವೆ. ಇಲ್ಲೂ ಅದೇ: ಸದ್ದು, ವಾಸನೆ, ಒತ್ತಡ. ಪ್ರಾಣಿ ಸ್ಪಂದಿಸುವುದು ಭವಿಷ್ಯಕ್ಕಲ್ಲ, ಈಗ ಬಂದು ತಾಕಿದ ಸಂಕೇತಕ್ಕೆ.

ವಿಕೋಪ ಬಂದು ಹೋದ ಮೇಲೆ ಏನಾಗುತ್ತದೆ ಅನ್ನುವುದು ನನ್ನ ಪ್ರಕಾರ ಇನ್ನೂ ಸ್ವಾರಸ್ಯದ ವಿಷಯ. 2017ರ ಸೆಪ್ಟೆಂಬರ್‌ನಲ್ಲಿ ಕೆರಿಬಿಯನ್‌ನ ಟರ್ಕ್ಸ್ ಅಂಡ್ ಕೈಕೋಸ್ ದ್ವೀಪಗಳಲ್ಲಿ ಕಾಲಿನ್ ಡೊನಿಹ್ಯೂ ಅವರ ತಂಡ ಅನೋಲ್ ಎಂಬ ಪುಟ್ಟ ಓತಿಗಳ ಕೈಕಾಲು ಅಳತೆ ಮಾಡಿ ಮುಗಿಸಿ ಹೊರಟಿತ್ತು. ಅವರು ಹೋದ ಕೆಲವೇ ದಿನಕ್ಕೆ ಇರ್ಮಾ, ಎರಡು ವಾರ ಬಿಟ್ಟು ಮರಿಯಾ, ಹೀಗೆ ಎರಡು ಚಂಡಮಾರುತ ಬೀಸಿದವು. ವಾಪಸು ಹೋಗಿ ಉಳಿದ ಓತಿಗಳನ್ನು ಅಳೆದರೆ ಸರಾಸರಿಯೇ ಬದಲಾಗಿತ್ತು: ಬೆರಳಿನ ಮೆತ್ತೆ ದೊಡ್ಡದು, ಮುಂಗಾಲು ಉದ್ದ, ಹಿಂಗಾಲು ಗಿಡ್ಡ. ಹಿಂಗಾಲು ಯಾಕೆ ಗಿಡ್ಡ? ತಿಳಿಯಲು ಅವರು ಒಣಗಿದ ಎಲೆ ಊದಿ ಗುಡ್ಡೆ ಹಾಕುವ ಲೀಫ್ ಬ್ಲೋವರ್ ತಂದು ಕೋಲು ಹಿಡಿದು ಕೂತ ಓತಿಗೆ ಗಾಳಿ ಬಿಟ್ಟರು. (ಹಿಂದೆ ಮೆತ್ತಗಿನ ಬಲೆ ಕಟ್ಟಿದ್ದರು, ಯಾವ ಓತಿಗೂ ಪೆಟ್ಟಾಗಲಿಲ್ಲ.) ಓತಿ ಮುಂಗಾಲಿನಿಂದ ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ, ಹಿಂಗಾಲು ಮೊದಲು ಕಿತ್ತು ಬಂದು ಹಾಯಿಯಂತೆ ಗಾಳಿಗೆ ಸಿಗುತ್ತದೆ. ಉದ್ದ ಹಿಂಗಾಲಿನವು ಹಾರಿಹೋಗಿದ್ದವು ಅಂತ ಕಾಣುತ್ತದೆ.

ಅದೇ ಮರಿಯಾ ಸೆಪ್ಟೆಂಬರ್ 20ರಂದು ಪೋರ್ಟೊರಿಕೊ ಪಕ್ಕದ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪಕ್ಕೂ ಬಡಿಯಿತು. ಅಲ್ಲಿರುವುದು ರೀಸಸ್ ಕೋತಿಗಳು, 1938ರಲ್ಲಿ ಭಾರತದಿಂದ ಒಯ್ದು ಬಿಟ್ಟವುಗಳ ಸಂತಾನ. ರೀಸಸ್ ಕೋತಿ ಅಂದರೆ ಜಗಳಗಂಟಿ, ಪಕ್ಕದವನು ಹತ್ತಿರ ಬಂದರೆ ಹಲ್ಲು ಕಿರಿಯುವ ಜಾತಿ. ಚಂಡಮಾರುತ ದ್ವೀಪದ ಹಸಿರಿನಲ್ಲಿ ಶೇ 63ರಷ್ಟನ್ನು ಅಳಿಸಿಹಾಕಿತು. ನೆರಳೇ ಇಲ್ಲ, ಬಿಸಿಲಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತಿತ್ತು. ಉಳಿದ ನಾಲ್ಕು ಕಡ್ಡಿ ನೆರಳಿಗೆ ಕಚ್ಚಾಡಿ ಸಾಯುತ್ತವೆ ಅಂತ ನೀವು ಊಹಿಸಿರಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಜಗಳ ಕಮ್ಮಿಯಾಯಿತು, ಪಕ್ಕಪಕ್ಕದಲ್ಲಿ ಕೂರುವುದು ಜಾಸ್ತಿಯಾಯಿತು. ವರ್ಷಗಟ್ಟಲೆ ದಾಖಲೆ ಇದ್ದದ್ದರಿಂದ ಇನ್ನೂ ಒಂದು ಪ್ರಶ್ನೆ ಕೇಳಲು ಆಯಿತು: ಈ ಹೊಂದಾಣಿಕೆಯಿಂದ ಲಾಭ ಆಯಿತಾ? ಚಂಡಮಾರುತಕ್ಕೆ ಮೊದಲು ಪಕ್ಕದವರನ್ನು ಸಹಿಸುವ ಗುಣಕ್ಕೂ ಆಯಸ್ಸಿಗೂ ಸಂಬಂಧವೇ ಇರಲಿಲ್ಲ. ನಂತರ, ಹೆಚ್ಚು ಸಹಿಸಿಕೊಳ್ಳುವ ಕೋತಿಗಳ ಸಾವಿನ ಅಪಾಯ ಶೇ 42ರಷ್ಟು ಕಡಿಮೆಯಾಯಿತು. 2024ರಲ್ಲಿ ಪ್ರಕಟವಾದ ಲೆಕ್ಕ ಇದು. ಕೋತಿಗಳಿಗೆ ಬುದ್ಧಿ ಬಂತು ಅಂತ ನೀತಿಕಥೆ ಮಾಡಬೇಡಿ. ನೆರಳು ಅನ್ನುವ ವಸ್ತುವಿನ ಬೆಲೆ ಏರಿತು, ಹಂಚಿಕೊಂಡವು ಉಳಿದವು.

ಹವಾಮಾನ ಬದಲಾವಣೆ ಈ ಕಥೆಯೊಳಗೆ ಬರುವುದು ಇಲ್ಲಿಂದ. ಬಿರುಗಾಳಿಯ ಸಂಕೇತ ನಿಜ ಹೇಳುತ್ತದೆ. ಆದರೆ ಪ್ರಾಣಿಗಳು ವರ್ಷಪೂರ್ತಿ ನಂಬಿಕೊಂಡಿರುವ ಇನ್ನೊಂದು ಸಂಕೇತವಿದೆ, ಹಗಲಿನ ಉದ್ದ. ಕ್ಯಾಲೆಂಡರ್ ಅಂದರೆ ಅವಕ್ಕೆ ಅದೇ. ಭೂಮಿ ಎಷ್ಟೇ ಬಿಸಿಯಾದರೂ ಹಗಲಿನ ಉದ್ದ ಬದಲಾಗುವುದಿಲ್ಲ, ಆದರೆ ವಸಂತ ಬೇಗ ಬರುತ್ತದೆ, ಹಿಮ ಬೇಗ ಕರಗುತ್ತದೆ. ಗಡಿಯಾರ ಸರಿಯಾಗೇ ಇದೆ, ರೈಲು ಮಾತ್ರ ಬೇಗ ಹೊರಟುಬಿಡುತ್ತದೆ.

ಪೈಡ್ ಫ್ಲೈಕ್ಯಾಚರ್ ಎಂಬ ಹಕ್ಕಿ ಚಳಿಗಾಲವನ್ನು ಪಶ್ಚಿಮ ಆಫ್ರಿಕಾದಲ್ಲಿ ಕಳೆದು, ಹಗಲಿನ ಉದ್ದ ನೋಡಿ ನೆದರ್ಲೆಂಡ್ಸ್‌ಗೆ ಹೊರಡುತ್ತದೆ. ಅಲ್ಲಿ ಮರಿಗಳಿಗೆ ತಿನ್ನಿಸಲು ಕಂಬಳಿಹುಳು ಬೇಕು. ಬಿಸಿಯಿಂದಾಗಿ ಹುಳುಗಳ ಸುಗ್ಗಿ ಮೊದಲಿಗಿಂತ ಬೇಗ ಬರತೊಡಗಿತು. ಆಫ್ರಿಕಾದಲ್ಲಿ ಕೂತ ಹಕ್ಕಿಗೆ ಅದು ಹೇಗೆ ತಿಳಿಯಬೇಕು? ಬಂದು ಮೊಟ್ಟೆಯಿಟ್ಟು ಮರಿ ಮಾಡುವಷ್ಟರಲ್ಲಿ ಹುಳುಗಳ ಕಾಲ ಮುಗಿದಿರುತ್ತದೆ. ಸುಗ್ಗಿ ತೀರಾ ಬೇಗ ಬರುವ ಕಾಡುಗಳಲ್ಲಿ ಎರಡು ದಶಕದೊಳಗೆ ಈ ಹಕ್ಕಿಗಳ ಸಂಖ್ಯೆ ಶೇ 90ರಷ್ಟು ಕುಸಿಯಿತು ಎಂದು 2006ರ ಅಧ್ಯಯನ ತೋರಿಸಿತು.

ಉತ್ತರ ಅಮೆರಿಕದ ಸ್ನೋಶೂ ಮೊಲದ್ದೂ ಅದೇ ಪಾಡು. ಚಳಿಗಾಲಕ್ಕೆ ಬಿಳಿ ಕೋಟು, ಬೇಸಿಗೆಗೆ ಕಂದು ಕೋಟು. ಬದಲಾಯಿಸುವ ದಿನ ನಿರ್ಧಾರವಾಗುವುದು ಹಗಲಿನ ಉದ್ದದಿಂದ. ಹಿಮ ತಡವಾಗಿ ಬಿದ್ದರೆ ಕಂದು ನೆಲದ ಮೇಲೆ ಬಿಳಿ ಮೊಲ, ದೂರದಿಂದಲೇ ಕಾಣುವ ಊಟ. ಆದರೆ ಹಿಮ ಕಮ್ಮಿ ಬೀಳುವ ಪೆಸಿಫಿಕ್ ಕರಾವಳಿಯ ಕಡೆ ಕೆಲವು ಮೊಲಗಳು ಚಳಿಗಾಲದಲ್ಲೂ ಕಂದಾಗೇ ಇರುತ್ತವೆ. ಆ ಜೀನ್ ಬಂದದ್ದು ಹಿಂದೆ ಯಾವಾಗಲೋ ಜ್ಯಾಕ್‌ರ‍್ಯಾಬಿಟ್ ಎಂಬ ಇನ್ನೊಂದು ಜಾತಿಯ ಜೊತೆ ಆದ ಬೆರಕೆಯಿಂದ. ಅಂಥ ಆಸ್ತಿ ಎಲ್ಲ ಜಾತಿಗೂ ಇರುವುದಿಲ್ಲ.

ಕಡಲಾಮೆಗಳಲ್ಲಂತೂ ಉಷ್ಣಾಂಶವೇ ಗಂಡೋ ಹೆಣ್ಣೋ ಅಂತ ತೀರ್ಮಾನಿಸುತ್ತದೆ. ಮರಳು ಸುಮಾರು 29 ಡಿಗ್ರಿಗಿಂತ ಬಿಸಿಯಾದರೆ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ ಶೇ 99ರಷ್ಟು ಹೆಣ್ಣು ಎಂದು 2018ರಲ್ಲಿ ಗೊತ್ತಾಯಿತು. ತಾಯಿ ಆಮೆ ಎಂದಿನ ಜಾಗಕ್ಕೇ ಬಂದು, ಎಂದಿನಂತೆಯೇ ಗುಂಡಿ ತೋಡಿ ಮೊಟ್ಟೆಯಿಟ್ಟಿತ್ತು. ಅದರ ಕಡೆಯಿಂದ ಏನೂ ತಪ್ಪಿಲ್ಲ.

ಇದನ್ನೆಲ್ಲ ತಿಳಿಯಬೇಕಾದರೆ ಯಾರೋ ಮೊದಲೇ, ಏನೂ ಆಗದ ದಿನಗಳಲ್ಲೂ, ಅಳತೆ ಮಾಡುತ್ತಾ ಇರಬೇಕು. ಕಾಯೊ ಸಾಂಟಿಯಾಗೊ ಉತ್ತರ ಕೊಟ್ಟದ್ದು ವರ್ಷಗಟ್ಟಲೆ ಅಳತೆ ಇದ್ದದ್ದಕ್ಕೆ, ನೆಲಗಪ್ಪೆಯ ಕೆರೆ ಕೊಡದಿದ್ದದ್ದು ಅದು ಇಲ್ಲದ್ದಕ್ಕೆ. ವಿಕೆಲ್ಸ್ಕಿ ಅವರ ಇಕಾರಸ್ ಯೋಜನೆ ಹುಟ್ಟಿದ್ದು ಈ ಕೊರತೆ ತುಂಬಲು. ಜಗತ್ತಿನೆಲ್ಲೆಡೆಯ ಪ್ರಾಣಿಗಳಿಗೆ ಹಗುರ ಟ್ಯಾಗ್ ಕಟ್ಟಿ ಬಾಹ್ಯಾಕಾಶದಿಂದ ಮಾಹಿತಿ ಪಡೆಯುವುದು. 2018ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯಾ ಭಾಗದಲ್ಲಿ ಆಂಟೆನಾ ಕೂಡಿಸಿದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಸಹಕಾರ ನಿಂತಿತು, ಮಾಹಿತಿಯೂ ನಿಂತಿತು. ಆಮೇಲೆ ಅವರು ಪುಟ್ಟ ಉಪಗ್ರಹಗಳ ದಾರಿ ಹಿಡಿದರು.

ಅಷ್ಟರಲ್ಲಿ ದಕ್ಷಿಣ ಧ್ರುವದ ಸುತ್ತ ಎಲಿಫೆಂಟ್ ಸೀಲ್‌ಗಳು ಸದ್ದಿಲ್ಲದೆ ಇದೇ ಬಗೆಯ ಕೆಲಸ ಮಾಡುತ್ತಿವೆ. ತಲೆಯ ಕೂದಲಿಗೆ ಅಂಟಿಸಿದ ಸಾಧನ ಹೊತ್ತು ಅವು ಹಿಮದ ಅಂಚಿನಲ್ಲಿ ನೂರಾರು ಮೀಟರ್ ಆಳಕ್ಕೆ ಧುಮುಕುತ್ತವೆ, ಹಡಗು ಹೋಗಲಾಗದ ಚಳಿಗಾಲದಲ್ಲೂ. ಪ್ರತಿ ಮುಳುಗಿನಲ್ಲೂ ನೀರಿನ ಉಷ್ಣಾಂಶ, ಉಪ್ಪು, ಆಳ ದಾಖಲಾಗಿ, ಉಸಿರಾಡಲು ಮೇಲೆ ಬಂದಾಗ ಉಪಗ್ರಹಕ್ಕೆ ಹೋಗುತ್ತದೆ. ಸಾಗರದ ಲೆಕ್ಕ ಹಾಕುವವರು ಅದನ್ನು ಬಳಸುತ್ತಾರೆ. ವರ್ಷಕ್ಕೊಮ್ಮೆ ಸೀಲ್ ಹಳೇ ಕೂದಲು ಉದುರಿಸುತ್ತದೆ, ಸಾಧನವೂ ಅದರ ಜೊತೆಗೆ ಬಿದ್ದುಹೋಗುತ್ತದೆ.